ರಿಟರ್ನ್ ಪಾತ್ ಟ್ರಾನ್ಸೀವರ್‌ಗಳು ಮಧ್ಯಾಹ್ನದ ಬಿಸಿಲಿಗೆ ನಿಂತುಹೋಗುತ್ತಿರುವ ಬಗ್ಗೆ ದೂರು

ಇವರಿಗೆ: ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ
ಇವರಿಂದ: ಕೇಬಲ್ ಆಪರೇಟರ್, ಕಲಬುರಗಿ

ಮಾನ್ಯರೇ,

ಕಳೆದ ಫೆಬ್ರವರಿಯಲ್ಲಿ ತಮ್ಮಿಂದ ಖರೀದಿಸಿದ 14 ಡಿಜಿಟಲ್ ರಿಟರ್ನ್ ಪಾತ್ ಆಪ್ಟಿಕಲ್ ಟ್ರಾನ್ಸೀವರ್‌ಗಳ (ಮನೆಗಳಿಂದ ಹಿಂದಿರುಗುವ ಸಿಗ್ನಲನ್ನು ಬೆಳಕಾಗಿಸಿ ಫೈಬರ್‌ನಲ್ಲಿ ಕಳುಹಿಸುವ ಸಾಧನಗಳ) ಪೈಕಿ 9, ಏಪ್ರಿಲ್ ಮೊದಲ ವಾರದಿಂದ ದಿನವೂ ಮಧ್ಯಾಹ್ನ ನಿಂತುಹೋಗಿ, ಸಂಜೆ ಬಿಸಿಲು ಇಳಿದ ಮೇಲೆ ತಾವಾಗಿಯೇ ಸರಿಯಾಗುತ್ತಿವೆ. ಮೂರು ಬಾರಿ ಫೋನ್ ಮಾಡಿ ತಿಳಿಸಿದಾಗಲೂ ಫೈಬರ್ ತುದಿ ಒರೆಸಿ ನೋಡಿ ಎಂಬ ಒಂದೇ ಉತ್ತರ ಬಂದುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಫೈಬರ್‌ನಲ್ಲಿ ದೋಷವಿಲ್ಲ. 18 ಕಿ.ಮೀ. ದೂರದ ನೋಡ್‌ನಿಂದ (ಫೈಬರ್ ಮತ್ತು ಮನೆಗಳ ಕೇಬಲ್ ಸೇರುವ, ಕಂಬದ ಮೇಲಿನ ಪೆಟ್ಟಿಗೆಯಿಂದ) 1310 ನ್ಯಾನೋಮೀಟರ್ ತರಂಗಾಂತರದಲ್ಲಿ ಬರುವ ಬೆಳಕನ್ನು ನಮ್ಮ ಮುಖ್ಯ ಕೇಂದ್ರವಾದ ಹೆಡ್‌ಎಂಡ್‌ನಲ್ಲಿ ಪವರ್ ಮೀಟರ್ ಇಟ್ಟು ಅಳೆದಾಗ ಬೆಳಿಗ್ಗೆ 7 ಗಂಟೆಗೆ ಬೆಳಕಿನ ಶಕ್ತಿ ಮೈನಸ್ 9 ಡಿಬಿಎಂ ಇತ್ತು. ಕಿಲೋಮೀಟರಿಗೆ ಸುಮಾರು 0.35 ಡಿಬಿ ನಷ್ಟ ಹಿಡಿದರೆ ಇದು ಸರಿಯಾದ ಮಟ್ಟವೇ. ಅದೇ ದಿನ ಮಧ್ಯಾಹ್ನ 2 ಗಂಟೆಗೆ ಬೆಳಕೇ ಇರಲಿಲ್ಲ. ನಾನೇ ಕಂಬ ಹತ್ತಿದೆ. ನೋಡ್‌ನ ಮುಚ್ಚಳವನ್ನು ಬರಿಗೈಯಲ್ಲಿ ಮುಟ್ಟಲಾಗದೆ ಟವೆಲ್ ಹಿಡಿದು ತೆರೆದು, ಟ್ರಾನ್ಸೀವರ್ ಹೊರಗೆಳೆದು ನೋಡಿದರೆ ಅದರ ಚೀಟಿಯ ಮೇಲೆ 0ಯಿಂದ 70 ಡಿಗ್ರಿ ಎಂದು ಅಚ್ಚಾಗಿತ್ತು. ನಮ್ಮ ಆರ್ಡರ್‌ನಲ್ಲೂ ತಮ್ಮ ಬಿಲ್‌ನಲ್ಲೂ ಇರುವುದು ಮೈನಸ್ 40ರಿಂದ 85 ಡಿಗ್ರಿಯ ಇಂಡಸ್ಟ್ರಿಯಲ್ ದರ್ಜೆ. ಹೊರಗೇ 42 ಡಿಗ್ರಿ ಸುಡುವಾಗ, ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗೆ ಆಂಪ್ಲಿಫೈಯರ್‌ನ ಕಾವೂ ಸೇರಿದರೆ 0–70ರ ಮಾಲು ಹೇಗೆ ತಡೆದೀತು? ಕಲಬುರಗಿಯ ಬೇಸಿಗೆ ಎಂಥದ್ದೆಂದು ಆರ್ಡರ್ ಕೊಡುವಾಗಲೇ ತಮ್ಮ ಪ್ರತಿನಿಧಿಗೆ ಹೇಳಿದ್ದೆ. ಅದೇ ನೋಡ್‌ಗೆ ನಮ್ಮಲ್ಲಿದ್ದ ಹಳೆಯ ಇಂಡಸ್ಟ್ರಿಯಲ್ ಟ್ರಾನ್ಸೀವರ್ ಹಾಕಿ ಹತ್ತು ದಿನವಾಯಿತು, ಲಿಂಕ್ ಒಮ್ಮೆಯೂ ಕಡಿದಿಲ್ಲ.

ಟಿವಿ ಚಾನೆಲ್‌ಗಳು ಎಂದಿನಂತೆ ಬರುತ್ತಿರುವುದರಿಂದ ತೊಂದರೆ ಸಣ್ಣದೆಂದು ತಮ್ಮ ಸಿಬ್ಬಂದಿಗೆ ಅನಿಸಿರಬಹುದು. ಆದರೆ 5ರಿಂದ 65 ಮೆಗಾಹರ್ಟ್ಸ್‌ನಲ್ಲಿ ಮನೆಗಳಿಂದ ಹಿಂದಿರುಗುವ ಸಿಗ್ನಲ್ ಹೆಡ್‌ಎಂಡ್ ಮುಟ್ಟದಿದ್ದರೆ ಆ ನೋಡ್‌ನ ಮೋಡೆಮ್‌ಗಳೆಲ್ಲ ಒಟ್ಟಿಗೇ ಆಫ್‌ಲೈನ್ ಆಗುತ್ತವೆ. ಹಳೆಯ ಅನಲಾಗ್ ರಿಟರ್ನ್‌ನಲ್ಲಿ ಬೆಳಕು ಕುಗ್ಗಿದಂತೆ ನಾಯ್ಸ್ ಏರಿ ಮುನ್ಸೂಚನೆಯಾದರೂ ಸಿಗುತ್ತಿತ್ತು. ಡಿಜಿಟಲ್‌ನಲ್ಲಿ ಎಲ್ಲವೂ ಸರಿಯಿದ್ದಂತೆಯೇ ಇದ್ದು ಏಕಾಏಕಿ ಕಡಿಯುತ್ತದೆ. ಮನೆಯಿಂದಲೇ ಕಚೇರಿ ಕೆಲಸ ಮಾಡುವ ಗ್ರಾಹಕರೊಬ್ಬರು ಹದಿನೈದು ವರ್ಷಗಳ ಸಂಪರ್ಕವನ್ನು ಕಳೆದ ವಾರ ತೆಗೆಸಿದರು. ಅವರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ, ಕೆಟ್ಟಿರುವ 9 ಮಾತ್ರವಲ್ಲದೆ ಎಲ್ಲ 14 ಟ್ರಾನ್ಸೀವರ್‌ಗಳನ್ನೂ ಆರ್ಡರ್‌ನಲ್ಲಿರುವ ದರ್ಜೆಯವಕ್ಕೆ ಹತ್ತು ದಿನಗಳೊಳಗೆ ತಮ್ಮ ಖರ್ಚಿನಲ್ಲೇ ಬದಲಿಸಿ, ಪ್ರತಿಯೊಂದರ ತಾಪಮಾನ ಪರೀಕ್ಷಾ ವರದಿಯನ್ನೂ ಕಳುಹಿಸಬೇಕು. ಆಗದಿದ್ದರೆ ಪೂರ್ತಿ ಹಣ ಹಿಂದಿರುಗಿಸಬೇಕು. ಆರ್ಡರ್ ಮತ್ತು ಬಿಲ್‌ನ ಪ್ರತಿ, ಚೀಟಿಯ ಫೋಟೊ ಹಾಗೂ ಮೀಟರ್ ಅಳತೆಗಳನ್ನು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ಕೇಬಲ್ ಆಪರೇಟರ್, ಕಲಬುರಗಿ