ಪರ್ಸನಲ್ ಟ್ರೈನರ್ ಬದಲಿಸಿ, ಇಲ್ಲವೇ ಹಣ ವಾಪಸ್ ಕೊಡಿ

ಜಿಮ್ ವ್ಯವಸ್ಥಾಪಕರಿಗೆ,

ವಿಷಯ: ಪರ್ಸನಲ್ ಟ್ರೈನರ್ ಬೇಜವಾಬ್ದಾರಿ ಬಗ್ಗೆ ದೂರು

ನಮಸ್ಕಾರ,

ನಾನು ನಿಮ್ಮ ಜಿಮ್‌ನ ಸದಸ್ಯೆ. ಪರ್ಸನಲ್ ಟ್ರೇನಿಂಗ್ ಪ್ಯಾಕೇಜಿನ ಹಣವನ್ನು ಪೂರ್ತಿ ಮುಂಗಡವಾಗಿ ಕಟ್ಟಿದ್ದೇನೆ. ಆದರೆ ನೀವು ಗೊತ್ತು ಮಾಡಿಕೊಟ್ಟ ಟ್ರೈನರ್ ಜೊತೆ ಮುಂದುವರಿಯಲು ನನಗೆ ಭಯ.

ನನಗೆ ಬಿಪಿ ಇದೆ, ಅದಕ್ಕೆ ಬೀಟಾ ಬ್ಲಾಕರ್ ಎಂಬ ಮಾತ್ರೆ ತೆಗೆದುಕೊಳ್ಳುತ್ತೇನೆ. ಸೇರುವಾಗ ಯಾರೂ ಇದನ್ನು ಕೇಳಲಿಲ್ಲ. ಎದೆನೋವು ಬರುತ್ತದಾ, ತಲೆ ಸುತ್ತುತ್ತದಾ, ಕೀಲು ನೋವಿದೆಯಾ, ಯಾವ ಔಷಧಿ ನಡೆಯುತ್ತಿದೆ ಎಂದು ಕೇಳುವ ಒಂದು ಪುಟದ ಫಾರ್ಮ್ ಸಾಕಿತ್ತು. ಕೊನೆಗೆ ನಾನೇ ಹೇಳಿದೆ. 'ಪರವಾಗಿಲ್ಲ ಮೇಡಂ' ಎಂದು ಅವರು ಟ್ರೆಡ್‌ಮಿಲ್ ಹತ್ತಿಸಿದರು.

ಅಲ್ಲಿ ಅವರದೊಂದು ಲೆಕ್ಕ. 220ರಲ್ಲಿ ನನ್ನ ವಯಸ್ಸು 50 ಕಳೆದರೆ 170, ಅದು ನಿಮಿಷಕ್ಕೆ ನನ್ನ ಹೃದಯ ಬಡಿತದ ಗರಿಷ್ಠ ಮಿತಿಯಂತೆ. ಅದರಲ್ಲಿ ಶೇಕಡ 80, ಅಂದರೆ 136. ಹೃದಯ ಬಡಿತ ಅಷ್ಟಾಗುವವರೆಗೂ ಓಡಬೇಕಂತೆ! ಬೀಟಾ ಬ್ಲಾಕರ್ ಮಾಡುವ ಕೆಲಸವೇ ಬಡಿತವನ್ನು ತಗ್ಗಿಸುವುದು. ಆ ಮಾತ್ರೆ ನುಂಗಿದವರಿಗೆ ಈ ಲೆಕ್ಕ ಹೊಂದುವುದಿಲ್ಲ. ನನಗೆ ಉಸಿರು ಸಿಗದೆ ಕಣ್ಣು ಕತ್ತಲೆ ಬಂದಿತ್ತು, ಅವರು ಮಾತ್ರ ಪರದೆಯ ಅಂಕಿ ನೋಡಿ ಇನ್ನೂ ಸ್ಪೀಡ್ ಏರಿಸುತ್ತಿದ್ದರು. ನಡುವೆ ಮಾತನಾಡಲು ಆಗುತ್ತಿದೆಯಾ ಎಂದು ಕೇಳಿದ್ದರೂ ಸಾಕಿತ್ತು. ಮಧ್ಯಮ ವ್ಯಾಯಾಮದಲ್ಲಿ ಮಾತನಾಡಬಹುದು, ಹಾಡಲು ಆಗುವುದಿಲ್ಲ. ಇದಕ್ಕೆ ಯಂತ್ರವೂ ಬೇಡ, ಅಲ್ವಾ?

ಲೆಗ್ ಪ್ರೆಸ್ ಮೆಷಿನ್‌ನಲ್ಲಿ ನಾನು ಉಸಿರು ಬಿಗಿಹಿಡಿದು ಕಾಲಿನಿಂದ ಭಾರ ತಳ್ಳುತ್ತಿದ್ದೆ. ಹಾಗೆ ಮಾಡಿದರೆ ಬಿಪಿ ಒಮ್ಮೆಲೇ ಏರುತ್ತದೆ. ತಳ್ಳುವಾಗ ಉಸಿರು ಬಿಡಿ ಎಂದು ತಿದ್ದಿದ್ದು ಪಕ್ಕದ ಮೆಷಿನ್‌ನಲ್ಲಿದ್ದ ಇನ್ನೊಬ್ಬ ಸದಸ್ಯೆ. ಟ್ರೈನರ್ ಫೋನ್ ನೋಡುತ್ತಾ ಬಾಯಲ್ಲಿ ಎಣಿಸುತ್ತಿದ್ದರು. ಸುಮ್ನೆ ಎಣಿಸಲು ನನಗೂ ಬರುತ್ತದೆ.

ಇಷ್ಟನ್ನೂ ಸಹಿಸಿಕೊಂಡೆ. ಪತ್ರ ಬರೆಯುವಂತೆ ಮಾಡಿದ್ದು ಕಳೆದ ವಾರ ಟ್ರೈನರ್ ಹೇಳಿದ ಮಾತು: 'ವ್ಯಾಯಾಮ ಶುರುವಾಯಿತಲ್ಲ, ಮಾತ್ರೆ ನಿಲ್ಲಿಸಿ.' ಬೀಟಾ ಬ್ಲಾಕರನ್ನು ತಟ್ಟನೆ ನಿಲ್ಲಿಸಿದರೆ ಬಿಪಿ, ಬಡಿತ ಎರಡೂ ಜಿಗಿಯಬಹುದು, ಹೃದಯಕ್ಕೂ ಅಪಾಯ. ಮಾತ್ರೆ ಬೇಕೋ ಬೇಡವೋ ಎಂದು ಹೇಳುವುದು ಡಾಕ್ಟರ್ ಕೆಲಸ. 'ನಿಮ್ಮ ಡಾಕ್ಟರನ್ನು ಕೇಳಿ' ಎನ್ನಲು ಗೊತ್ತಿರುವವರೇ ನನ್ನ ಕಣ್ಣಿಗೆ ಒಳ್ಳೆಯ ಟ್ರೈನರ್. ಈಗಿನ ಟ್ರೈನರ್ ಅವರ ಮೈಕಟ್ಟು ಚೆನ್ನಾಗಿದೆ, ಮಾತೂ ಮೃದು, ಒಪ್ಪುತ್ತೇನೆ. ಆದರೆ ನಾನು ಹಣ ಕೊಟ್ಟಿದ್ದು ನನ್ನ ಮೈ ನೋಡಿಕೊಳ್ಳಲಿ ಎಂದು.

ಎಷ್ಟು ಭಾರ ಎತ್ತಿದೆ, ಏನು ಜಾಸ್ತಿ ಮಾಡಬೇಕು ಎಂಬ ದಾಖಲೆಯೂ ಇಲ್ಲ. ಎಲ್ಲರಿಗೂ ಒಂದೇ ಚಾರ್ಟ್.

ಬಿಪಿ ಇರುವವರಿಗೆ ತರಬೇತಿ ಕೊಟ್ಟು ಗೊತ್ತಿರುವ ಬೇರೆ ಟ್ರೈನರ್ ಕೊಡಿ. ಅವರ ಸರ್ಟಿಫಿಕೇಟ್ ಯಾವುದು, ಈಗಲೂ ಊರ್ಜಿತವಾಗಿದೆಯೇ, ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಜೀವ ಉಳಿಸುವ ಚಿಕಿತ್ಸೆ) ತರಬೇತಿ ಆಗಿದೆಯೇ ಎಂದು ಮೊದಲೇ ತೋರಿಸಿ. ಆಗದಿದ್ದರೆ ಉಳಿದ ಸೆಷನ್‌ಗಳ ಹಣ ವಾಪಸ್ ಕೊಡಿ. ಪ್ಯಾಕೇಜ್ ಅವಧಿ ವಿಸ್ತರಿಸುತ್ತೇವೆ ಎಂಬ ಉತ್ತರ ದಯವಿಟ್ಟು ಬೇಡ. ಮಾತ್ರೆ ನಿಲ್ಲಿಸಿ ಎಂದು ಈಗಿನ ಟ್ರೈನರ್ ಇನ್ನೂ ಯಾರಿಗೆಲ್ಲ ಹೇಳಿದ್ದಾರೋ ವಿಚಾರಿಸಿ, ಆ ಸದಸ್ಯರಿಗೆ ಈ ವಾರವೇ ಫೋನ್ ಮಾಡಿ.

15 ದಿನದೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ.

ಇಂತಿ,
ನಿಮ್ಮ ಜಿಮ್‌ನ ಸದಸ್ಯೆ