ಸಿದ್ದಿ ಕೌದಿಗೆ ಎರಡು ತಾಸು ಸಾಲದು

ಮಾನ್ಯ ಸಂಪಾದಕರೇ,

ಬೇಸಿಗೆ ಶಿಬಿರಗಳಿಗೆ ತಯಾರಿ ನಡೆಯುವ ಹೊತ್ತಿದು. ಆಫ್ರಿಕಾ ಮೂಲದ ನಮ್ಮ ಸಿದ್ದಿ ಜನರ ಕಲೆ ಎಂದರೆ ಸಂಘಟಕರಿಗೆ ಮೊದಲು ನೆನಪಾಗುವುದು ತೊಗಲಿನ ವಾದ್ಯ ಬಾರಿಸಿ ಕುಣಿಯುವ ಡಮಾಮಿ ಕುಣಿತ. ಮೆರವಣಿಗೆಯ ಮುಂದೆ ಕುಣಿಸಿ, ಶಾಲು ಹೊದಿಸಿ ಕಳಿಸಿದರೆ ಮುಗಿಯಿತು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡು ಕೂಡಿಸಿ ಹೊಲಿಯುವ ಹೊದಿಕೆಯಾದ ಕೌದಿಗೆ (ಅವರ ಮಾತಿನಲ್ಲಿ ಕವಂದಿ) ಜಾಗ ಸಿಗುವುದೇ ಅಪರೂಪ. ಸಿಕ್ಕಿದರೂ 'ಎರಡು ತಾಸಿನ ಪ್ರಾತ್ಯಕ್ಷಿಕೆ'. ಅದು ಏಕೆ ಸಾಲದು ಎಂಬುದನ್ನು ಲೆಕ್ಕ ಹಾಕಿಯೇ ಹೇಳಬೇಕು.

ಸಿದ್ದಿ ಕೌದಿಯ ಹೊಲಿಗೆ ಒಂದು ಮೂಲೆಯಲ್ಲಿ ಶುರುವಾಗಿ, ಅಂಚು ಹಿಡಿದು ಸುತ್ತುತ್ತ ಒಳಗೆ ಬಂದು, ನಡುವಿನಲ್ಲಿ ಮುಗಿಯುತ್ತದೆ. ತುಂಡು ಕೂಡಿಸುವುದೂ ಪದರ ಬಿಗಿಯುವುದೂ ಒಂದೇ ದಾರದಲ್ಲಿ. ಸುತ್ತಿನಿಂದ ಸುತ್ತಿಗೆ ಕಾಲಂಗುಲ ಅಂತರ ಇಟ್ಟರೆ, ಎರಡಡಿ ಚೌಕದ ಪುಟ್ಟ ಕೌದಿಗೇ ಸುಮಾರು 58 ಮೀಟರ್ ಹೊಲಿಗೆ ಬೇಕು. ಆರಡಿ ಉದ್ದ, ನಾಲ್ಕಡಿ ಅಗಲದ್ದಕ್ಕೆ 350 ಮೀಟರ್! 'ಹಳೇ ಬಟ್ಟೆ ತಾನೇ' ಎಂದು ಚೌಕಾಸಿಗಿಳಿಯುವವರು ಈ ಲೆಕ್ಕವನ್ನು ಒಮ್ಮೆ ನೋಡಲಿ.

ಹಾಗಾಗಿ ಮಕ್ಕಳಿಗೆ ಎರಡಡಿ ಚೌಕವೇ ಸಾಕು, ದಿನಗಳು ಮಾತ್ರ ಮೂರಾದರೂ ಇರಲಿ. ತಳಕ್ಕೆ ಹಳೆಯ ಹತ್ತಿ ಸೀರೆ. ಮೇಲೆ ನಾಲ್ಕೈದು ಅಂಗುಲದ ತುಂಡುಗಳು, ಅಂಚನ್ನು ಕಾಲಂಗುಲ ಒಳಕ್ಕೆ ಮಡಚಿ, ಒಂದರ ಮೇಲೊಂದು ಅರ್ಧ ಅಂಗುಲ ಏರುವಂತೆ ಇಡಬೇಕು. ದಪ್ಪ ಹತ್ತಿ ದಾರ, ದೊಡ್ಡ ಕಣ್ಣಿನ ಸೂಜಿ. ಪಾಲಿಸ್ಟರ್ ತುಂಡು ಬೇಡ: ಜಾರುತ್ತದೆ, ಅಂಚು ಬಿಚ್ಚಿಕೊಳ್ಳುತ್ತದೆ. ಅಂಗಡಿಯ ಹೊಸ ಬಟ್ಟೆಯಾದರೆ ಮೊದಲು ಒಗೆದು ಗಂಜಿ ತೆಗೆಯಿರಿ; ಇಲ್ಲವಾದರೆ ಮೊದಲ ಒಗೆತಕ್ಕೆ ಅದು ಕುಗ್ಗಿ, ತಳದ ಸೀರೆ ಹಾಗೇ ಉಳಿದು, ಕೌದಿ ತುಂಬ ನಿರಿಗೆ ಏಳುತ್ತದೆ.

ಕಲಿಯುವವರು ಹೆಚ್ಚು ಎಡವುವುದು ದಾರ ಎಳೆಯುವಲ್ಲಿ. ಬಿಗಿಯಾಗಿ ಎಳೆದರೆ ಅಂಚು ಕುಗ್ಗುತ್ತದೆ, ಸಡಿಲವೆಲ್ಲ ನಡುವಿಗೆ ಸರಿದು ಕೊನೆಗೆ ಗಡಿಗೆಯ ಹಾಗೆ ಉಬ್ಬುತ್ತದೆ. ಎರಡು ಸುತ್ತಿಗೊಮ್ಮೆ ನೆಲದ ಮೇಲೆ ಹಾಸಿ ಅಂಗೈಯಿಂದ ಸವರಿ ನೋಡಬೇಕು. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹಚ್ಚುವ ಫೂಲು, ಅಂದರೆ ಹೂವು, ಬಿಡಬೇಡಿ. ಫೂಲಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.

ಪ್ರದರ್ಶನದ ಬಗ್ಗೆಯೂ ಒಂದು ಮಾತು. ಕ್ಲಿಪ್ಪು, ಮೊಳೆ ಬಳಸಿದರೆ ಇಡೀ ಭಾರ ನಾಲ್ಕಾರು ಹೊಲಿಗೆಗಳ ಮೇಲೆ ಬೀಳುತ್ತದೆ. ಹಿಂಬದಿಯ ಮೇಲಂಚಿಗೆ ನಾಲ್ಕು ಅಂಗುಲದ ಬಟ್ಟೆಯ ಕೊಳವೆ ಹೊಲಿದು ಅದರಲ್ಲಿ ಬಿದಿರಿನ ಕೋಲು ತೂರಿಸಿ. ಬಿಸಿಲು, ಫೋಕಸ್ ದೀಪ ಎರಡೂ ಬಣ್ಣಕ್ಕೆ ಶತ್ರು. ಒಂದು ಕೌದಿಯನ್ನಾದರೂ ಬೆನ್ನು ಕಾಣುವಂತೆ ತೂಗುಹಾಕಿ. ಸುತ್ತು ಸುತ್ತಾಗಿ ಓಡಿದ ಹೊಲಿಗೆಯ ನಡೆ ಅಲ್ಲೇ ಚೆನ್ನಾಗಿ ಕಾಣುವುದು.

ಎಲ್ಲಕ್ಕಿಂತ ಮುಖ್ಯ, ಹೆಸರಿನ ಚೀಟಿ. 'ಸಿದ್ದಿ ಬುಡಕಟ್ಟು ಕಲೆ' ಎಂದಷ್ಟೇ ಬರೆದರೆ ಹೊಲಿದವಳು ಕಾಣೆಯಾಗುತ್ತಾಳೆ. ಹೆಸರು, ಊರು, ಹೊಲಿದ ವರ್ಷ ಇಷ್ಟೂ ಇರಲಿ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಅಲ್ಲಿನ ಕಪ್ಪು ಹೆಂಗಸರು ಹಳೆಯ ಬಟ್ಟೆಯಲ್ಲಿ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದ ಗೋಡೆ ಏರಿದವು; ಹೊಲಿದವರು ಹೆಸರು ಹೇಳಿ ಗುರುತಿಸುವ ಕಲಾವಿದೆಯರಾದರು. ನಮ್ಮಲ್ಲಿ ಅಷ್ಟಕ್ಕೆ ಒಂದು ರಟ್ಟಿನ ತುಂಡು ಸಾಕು.

ಕಲಿಸಲು ಒಬ್ಬರನ್ನೇ ಕರೆಸಬೇಡಿ. ಇಬ್ಬರು ಹಿರಿಯರ ಜೊತೆ ಇಬ್ಬರು ಸಿದ್ದಿ ಹುಡುಗಿಯರೋ ಹುಡುಗರೋ ಬರಲಿ. ಆ ಮಕ್ಕಳನ್ನೂ ಸಹಾಯಕರೆಂದು ಬಗೆದು ಸಂಭಾವನೆ ಕೊಡಿ, ಚೀಟಿಯಲ್ಲಿ ಅವರ ಹೆಸರೂ ಇರಲಿ. ಬಸ್ಸಿನ ಖರ್ಚು, ಉಳಿಯುವ ವ್ಯವಸ್ಥೆ ಮುಂಗಡವಾಗಿ ಆಗಬೇಕು. ಮಳೆಗಾಲದ ನಾಟಿ, ಆಮೇಲಿನ ಕೊಯ್ಲು ಎರಡನ್ನೂ ತಪ್ಪಿಸಿ ದಿನ ಗೊತ್ತುಮಾಡಿ. ಏಪ್ರಿಲ್ ರಜೆ ಎಲ್ಲರಿಗೂ ಅನುಕೂಲ. ಡಮಾಮಿಯನ್ನೂ ಇಟ್ಟುಕೊಳ್ಳುವುದಾದರೆ ಅಂಗಳದಲ್ಲಿ ಇಡಿ. ತೊಗಲಿನ ವಾದ್ಯ ತಂಪಿಗೆ ಸಡಿಲವಾಗುತ್ತದೆ, ಕಾಯಿಸದೆ ನಾದ ಏಳದು; ಸಭಾಂಗಣದೊಳಗೆ ಬೆಂಕಿ ಹಾಕಲು ಯಾರೂ ಬಿಡುವುದಿಲ್ಲ.

ಮೂರು ದಿನದಲ್ಲೂ ಕೆಲವು ಮಕ್ಕಳ ಕೌದಿ ಅರ್ಧಕ್ಕೇ ನಿಲ್ಲುತ್ತದೆ. ಅದನ್ನು ಸಂಘಟಕರು ಇಟ್ಟುಕೊಳ್ಳದೆ, ಸೂಜಿ ಮತ್ತು ಉಳಿದ ಸುತ್ತುಗಳಿಗೆ ಸಾಲುವಷ್ಟು ದಾರದ ಸಮೇತ ಮನೆಗೆ ಕೊಟ್ಟು ಕಳಿಸಲಿ.

— ಒಬ್ಬ ಓದುಗರು, ಯಲ್ಲಾಪುರ