ನೆರಳು, ಗದ್ದಲ ನಮಗೇನು ಹೊಸದಾ?

ಮಾನ್ಯ ಸಂಪಾದಕರೇ,

ಮೊನ್ನೆ ಬಳ್ಳಾರಿಯಲ್ಲಿ ಕೆಲವು ಹುಡುಗ್ರು ಹುಡುಗೀರು ಸೇರಿ ಪ್ರೊಜೆಕ್ಟರ್, ನೆರಳು, ಗದ್ದಲ ಮೂರನ್ನೂ ಕಲಸಿ ಮಾಡಿದ ಪ್ರದರ್ಶನದ ಬಗ್ಗೆ ಹಿರಿಯರೊಬ್ಬರು ನಿಮ್ಮ ಪತ್ರಿಕೆಗೆ ಬರೆದ ಪತ್ರ ಓದಿದೆ. ಕಥೆ ಇಲ್ಲ, ಮಾತಿಲ್ಲ, ಹಾಡಿಲ್ಲ, ಇದೂ ಒಂದು ಕಲೆನಾ, ಎಲ್ಲಾ ಬೆಂಗಳೂರಿಂದ ಹೊತ್ಕೊಂಡು ಬಂದ ಹುಚ್ಚು ಅಂದಾರೆ.

ಕಥೆ ಇರ್ಲಿಲ್ಲ, ನಿಜ. ಅರ್ಧ ಜನ ನಡುವೆನೇ ಎದ್ದು ಹೋಗಿದ್ದೂ ನಿಜ. ಆದ್ರೆ ಬೇರೆ ಊರಿನೋರು ಇದನ್ನ ಹೊಸ ಹುಚ್ಚು ಅಂದ್ರೆ ಒಪ್ಕೊಬೋದು, ಬಳ್ಳಾರಿ ಕೊಪ್ಪಳ ಕಡೆಯೋರು ಅನ್ನಬಾರ್ದು ಸಾರ್. ಬಿಳಿ ಬಟ್ಟೆ ಕಟ್ಟಿ ಹಿಂದೆ ದೀಪ ಇಟ್ಟು ರಾತ್ರಿಯೆಲ್ಲಾ ನೆರಳು ಕುಣಿಸಿದ ಸೀಮೆ ಇದು. ನಮ್ಮೂರಿನ ಬೆಳಗಲ್ಲು ವೀರಣ್ಣನವರು ತೊಗಲು ಗೊಂಬೆಯಲ್ಲಿ ಗಾಂಧೀಜಿ ಕಥೆ, ಸ್ವಾತಂತ್ರ್ಯ ಹೋರಾಟ ಆಡಿಸಿದ್ರಲ್ಲ, ರಾಮಾಯಣ ಮಹಾಭಾರತ ನೋಡಿದ್ದ ಜನಕ್ಕೆ ಅದೂ ಪ್ರಯೋಗನೇ. ಕೊಪ್ಪಳ ಕಡೆ ಮೋರನಾಳದಲ್ಲಿ ತೊಗಲು ಗೊಂಬೆ ಆಡಿಸೋ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಎಲ್ಲಾರೂ ಸ್ಟೇಟಸ್ ಹಾಕಿದ್ದೇ ಹಾಕಿದ್ದು (ಆಟ ಕುಂತು ನೋಡಿದೋರು ಎಷ್ಟು ಜನ ಅಂತ ಮಾತ್ರ ಕೇಳಬ್ಯಾಡ್ರಿ).

ಅವತ್ತಿನ ಒಂದು ಸೀನ್ ಹೇಳ್ತೀನಿ. ಒಂದು ಪ್ರೊಜೆಕ್ಟರ್‌ನಿಂದ ಕೆಂಪು, ಇನ್ನೊಂದರಿಂದ ನೀಲಿ ಬೆಳಕು ಬಿಟ್ಟಿದ್ರು, ಒಂದು ಹುಡುಗಿ ಬಂದು ಅಡ್ಡ ನಿಂತ್ಲು, ಒಬ್ಬಳಿಗೆ ಎರಡು ನೆರಳು ಬಿತ್ತು, ಕೆಂಪು ತಡೆದ ಕಡೆ ನೀಲಿ ನೆರಳು, ನೀಲಿ ತಡೆದ ಕಡೆ ಕೆಂಪು ನೆರಳು, ಎರಡೂ ಒಂದರ ಮೇಲೊಂದು ಬಿದ್ದ ಕಡೆ ಮಾತ್ರ ಕಪ್ಪು, ಆಮೇಲೆ ಆಕೆ ಬೆಳಕಿನ ಕಡೆ ಹಿಂದೆ ಸರಿದಂಗೆಲ್ಲಾ ಆ ಕಪ್ಪು ಬೆಳೀತಾ ಬೆಳೀತಾ ಇಡೀ ಪರದೆ ನುಂಗಿಬಿಡ್ತು. ಗೊಂಬೆ ಆಡಿಸೋರ ಕೈಚಳಕನೂ ಇದೇ ಅಲ್ವಾ, ಬಟ್ಟೆಗೆ ಒತ್ತಿ ಹಿಡಿದ್ರೆ ಗೆರೆ ಗೆರೆನೂ ಕಾಣ್ತದೆ, ದೀಪದ ಕಡೆ ಎಳೆದ್ರೆ ಮಸುಕಾಗಿ ಮಾಯ. ಆಡಿನ ಚರ್ಮ ಹೆರೆದು ತೆಳ್ಳಗೆ ಮಾಡಿ ಬಣ್ಣ ಹಾಕಿರ್ತಾರೆ, ಬೆಳಕು ಹಾಯ್ದು ಬರ್ತದೆ, ಅದಕ್ಕೇ ಗೊಂಬೆ ನೆರಳಿಗೂ ಬಣ್ಣ. ಮನುಷ್ಯನ ಮೈಗೆ ಆ ಭಾಗ್ಯ ಇಲ್ಲ, ಈ ಹುಡುಗ್ರು ಎರಡು ಬೆಳಕು ಇಟ್ಟು ಅದನ್ನೂ ತಂದ್ರು. ಭೇಷ್ ಅಂದೆ.

ಇನ್ನು ಗದ್ದಲ. ನಾನು ಜೀನ್ಸ್ ಹೊಲಿಯೋ ಯೂನಿಟ್‌ನಲ್ಲಿ ಕೆಲಸ ಮಾಡೋನು. ಸ್ಪೀಕರ್‌ನಿಂದ ಬಂದ ಸದ್ದಿನೊಳಗೆ ಓವರ್‌ಲಾಕ್ ಮಷೀನ್ ಇತ್ತು, ಅದರ ಹಿಂದೆ ಅದಿರು ಲಾರಿ. ಪಕ್ಕದಲ್ಲಿ ಕುಂತಿದ್ದ ನಮ್ಮ ಯೂನಿಟ್ ಹುಡುಗ "ಅಣ್ಣಾ, ಇದು ನಮ್ದೇ ಸದ್ದು" ಅಂತ ಎದ್ದು ಕುಂತ. ಇಟಲಿಯ ಲುಯಿಜಿ ರುಸ್ಸೊಲೊ ಅಂತ ಒಬ್ಬ ಪೇಂಟರ್ 1913ರಲ್ಲೇ, ಮಷೀನು ಟ್ರಾಮಿನ ಸದ್ದೂ ಸಂಗೀತದೊಳಗೆ ಬರಬೇಕು ಅಂತ ಬರೆದು, ಗದ್ದಲ ಮಾಡೋ ಪೆಟ್ಟಿಗೆಗಳನ್ನೇ ಕಟ್ಟಿ ನುಡಿಸಿದ್ದ, ಜನ ಅವನಿಗೂ ಬೈದಿದ್ರು. ಅಂದ್ರೆ ಈ ಹುಚ್ಚಿಗೆ ನೂರು ವರ್ಷ ದಾಟೈತೆ.

ಆದ್ರೆ ವಾಲ್ಯೂಮ್ ವಿಷಯದಲ್ಲಿ ಹಿರಿಯರ ಜೊತೆ ನಾನೂ ಅದೀನಿ. ಕೆಲಸದ ಜಾಗದಲ್ಲಿ 85 ಡೆಸಿಬಲ್ ಸದ್ದು 8 ತಾಸಿಗಿಂತ ಹೆಚ್ಚು ಕೇಳಬಾರ್ದು, ಪ್ರತಿ 3 ಡೆಸಿಬಲ್ ಏರಿದಂಗೆ ಹೊತ್ತು ಅರ್ಧ ಆಗ್ತದೆ, 100ಕ್ಕೆ ಹೋದ್ರೆ ಬರೀ 15 ನಿಮಿಷ ಅಂತ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಲೆಕ್ಕ ಐತೆ. ಅವತ್ತು ಕುರ್ಚಿನೇ ನಡುಗ್ತಿತ್ತು, ಮುಂದಿನ ಸಾಲಲ್ಲಿ ಸಣ್ಣ ಮಕ್ಕಳು ಕಿವಿ ಮುಚ್ಕೊಂಡು ಅಳ್ತಿದ್ವು. ಬಾಗಿಲಲ್ಲಿ ಒಂದು ಬೋರ್ಡ್ ಇಲ್ಲ, ಕಿವಿಗೆ ಇಟ್ಕೊಳ್ಳೋಕೆ ಹತ್ತಿನೂ ಇಲ್ಲ. ಎದ್ದು ಹೋದೋರೆಲ್ಲಾ ಅರ್ಥ ಆಗ್ದೆ ಹೋದ್ರು ಅಂತ ಆಯೋಜಕರು ತಿಳ್ಕೊಂಡಿದ್ರೆ ಅದು ಸುಳ್ಳು, ಕಿವಿ ತಡೀಲಾರದೆ ಹೋಗ್ಯಾರೆ. (ಮೆರವಣಿಗೆ ಡಿಜೆ ಬಗ್ಗೆನೂ ಹಿರಿಯರು ಒಂದು ಪತ್ರ ಬರೀಲಿ, ಸಹಿ ನಾನೂ ಹಾಕ್ತೀನಿ.)

ಇನ್ನೊಂದು ಬೇಜಾರು. ಆಟ ಮುಗಿದ ಮೇಲೆ ಆ ನೆರಳು ಹೆಂಗೆ ಮಾಡಿದ್ರಿ ಅಂತ ನೋಡೋಕೆ ಹೋದ್ರೆ ವಾಲಂಟಿಯರ್ ಒಳಗೆ ಬಿಡ್ಲಿಲ್ಲ. ಗೊಂಬೆ ಆಟದಲ್ಲಿ ಹುಡುಗ್ರು ಪರದೆ ಹಿಂದೆ ಇಣುಕಿದ್ರೆ ಯಾರೂ ಓಡಿಸಲ್ಲ. ಮುಂದಿನ ಸಲ ಕೊಪ್ಪಳ ಕಡೆಯ ಒಂದು ತೊಗಲು ಗೊಂಬೆ ಮೇಳನ ಕರೆಸಿ, ಅದೇ ಪರದೆ ಮೇಲೆ ಮೊದಲು ಅವರ ಆಟ ಆಗ್ಲಿ, ಆಮೇಲೆ ಈ ಹುಡುಗ್ರದ್ದು. ಮೇಳದೋರಿಗೆ ಶಾಲು ಹೊದಿಸಿ ಕಳಿಸದೆ ಸಂಭಾವನೆನೂ ಸರಿಯಾಗಿ ಕೊಡ್ರಿ. ಟಿಕೆಟ್ ಇಟ್ರೂ ನಾನು ಬರ್ತೀನಿ, ಸ್ಪೀಕರ್ ಮುಂದಿನ ಸೀಟು ಮಾತ್ರ ಬ್ಯಾಡ.

— ಒಬ್ಬ ಓದುಗ, ಕೌಲ್ ಬಜಾರ್, ಬಳ್ಳಾರಿ